ಕುಟುಂಬದ ಕಾರಿನ ಸಸ್ಪೆನ್ಷನ್: ಸ್ಪ್ರಿಂಗ್ ಗಟ್ಟಿ ಮಾಡಿದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆಯೇ?

ಎರಡನೇ ಗೇರ್:

ನಮ್ಮ ಮನೆಯ ಕಾರು ಐದು ಆಸನಗಳ ಸಾಮಾನ್ಯ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ತೊಲೆ) ಇದೆ. ಇದುವರೆಗೆ 90,000 ಕಿಲೋಮೀಟರ್ ಓಡಿದೆ. ಸಸ್ಪೆನ್ಷನ್‌ನ ಯಾವ ಭಾಗವನ್ನೂ ಬದಲಿಸಿಲ್ಲ. ನನ್ನ ದೂರು ಮೂರು ಬಗೆಯದು. ತಿರುವಿನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲುತ್ತದೆ ಎನಿಸುತ್ತದೆ. ಹೆದ್ದಾರಿಯಲ್ಲಿ ಪಥ ಬದಲಿಸುವಾಗ ಮೂತಿ ತಿರುಗಿದ ಮೇಲೆ ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ರಸ್ತೆಯ ಉಬ್ಬುತಗ್ಗನ್ನು ದಾಟಿದ ಮೇಲೆ ಎರಡು ಮೂರು ಸಲ ತೂಗಿಯೇ ನಿಲ್ಲುತ್ತದೆ.

ಕಾರನ್ನು 30 ಮಿಲಿಮೀಟರ್ ತಗ್ಗಿಸುವ, ಈಗಿನದಕ್ಕಿಂತ ಶೇಕಡಾ 40ರಷ್ಟು ಗಟ್ಟಿಯಾದ ಸ್ಪ್ರಿಂಗ್‌ಗಳನ್ನು ಹಾಕಿಸಿ, ಹಿಂದಕ್ಕೆ ಒಂದು ಆಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲಿಕೆಯನ್ನು ತಡೆಯುವ ಸರಳು) ಸೇರಿಸಬೇಕೆಂಬುದು ನನ್ನ ಯೋಚನೆ. ಶಾಕ್ ಅಬ್ಸಾರ್ಬರ್‌ಗಳು ಮೂಲದವೇ ಇರಲಿ ಎಂದುಕೊಂಡಿದ್ದೇನೆ. ಕಾರಿನಲ್ಲಿ ಸಾಮಾನ್ಯವಾಗಿ ನಾವಿಬ್ಬರು, ಹಿಂದೆ ಇಬ್ಬರು ಮಕ್ಕಳು, ಕೆಲವೊಮ್ಮೆ ಅಮ್ಮ ಇರುತ್ತಾರೆ. ಸ್ಪರ್ಧೆಯ ಉದ್ದೇಶ ಖಂಡಿತ ಇಲ್ಲ. ಈ ಯೋಜನೆ ಸರಿಯೇ?

ಟಾರ್ಕ್ ರೆಂಚ್:

ಎರಡನೇ ಗೇರ್ ಅವರೇ, ನಿಮ್ಮ ಮೂರು ದೂರುಗಳಿಗೂ ಸ್ಪ್ರಿಂಗ್ ಒಂದೇ ಔಷಧವೆಂದು ನೀವು ತೀರ್ಮಾನಿಸಿದಂತಿದೆ. ಆದರೆ ಅವು ಮೂರು ಬೇರೆ ಬೇರೆ ಭಾಗಗಳ ಮಾತು. ಸ್ಪ್ರಿಂಗಿನ ಕೆಲಸ ಕಾರಿನ ಭಾರ ಹೊರುವುದು. ಉಬ್ಬಿಗೆ ಕುಗ್ಗಿದಾಗ ಅದು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಹಾಗೆ ಕೂಡಿಟ್ಟ ಶಕ್ತಿಯನ್ನು ಎಣ್ಣೆಯ ಘರ್ಷಣೆಯ ಮೂಲಕ ಶಾಖವಾಗಿಸಿ ಕಳೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಉಬ್ಬು ದಾಟಿದ ಮೇಲೂ ಕಾರು ತೂಗುತ್ತಿದ್ದರೆ, ಕಳೆಯಬೇಕಾದವನು ಕಳೆಯುತ್ತಿಲ್ಲ ಎಂದು ಅರ್ಥ. ಅಂಥ ಸ್ಥಿತಿಯಲ್ಲಿ ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಹಾಕಿದರೆ, ಈಗಾಗಲೇ ಸೋತಿರುವ ಶಾಕ್ ಅಬ್ಸಾರ್ಬರಿನ ಮೇಲೆ ಇನ್ನಷ್ಟು ಹೊರೆ ಹೇರಿದಂತಾಗುತ್ತದೆ.

ಹಿಂಭಾಗ ತಡವಾಗಿ ಹಿಂಬಾಲಿಸುವುದನ್ನು ಟೈರಿನಲ್ಲಿಯೂ, ಲೋಹದ ಕೀಲುಗಳ ನಡುವಿನ ರಬ್ಬರಿನ ಮೆತ್ತೆಗಳಾದ ಬುಷ್‌ಗಳಲ್ಲಿಯೂ ಮೊದಲು ಹುಡುಕಬೇಕು. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪಥ ಬದಲಿಸುವಾಗ ಅಡ್ಡಕ್ಕೆ ಬಾಗುತ್ತದೆ, ಅದರ ನಂತರವೇ ಕಾರು ತಿರುಗುತ್ತದೆ. ಬಾಗಿಲಿನ ಚೌಕಟ್ಟಿನ ಮೇಲಿರುವ ಚೀಟಿಯಲ್ಲಿ ಇಬ್ಬರಿಗೆ ಒಂದು, ಪೂರ್ತಿ ಹೊರೆಗೆ ಇನ್ನೊಂದು ಎಂದು ಎರಡು ಒತ್ತಡಗಳನ್ನು ಕೊಟ್ಟಿರುವುದುಂಟು. ಐದು ಜನ ಕುಳಿತಾಗಲೂ ಮೊದಲನೆಯದರಲ್ಲಿಯೇ ಓಡಿಸುವವರು ಬಹಳ ಮಂದಿ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ತಯಾರಿಕೆಯ ಗುರುತು ಇರುತ್ತದೆ. 3518 ಎಂದಿದ್ದರೆ ಅದು 2018ರ 35ನೇ ವಾರದ ಟೈರು. ಮೇಲಿನ ಪಟ್ಟೆ ಇನ್ನೂ ಆಳವಾಗಿದ್ದರೂ ರಬ್ಬರು ಬಿರುಸಾಗಿದ್ದರೆ ಹಿಡಿತ ಹೋಗಿರುತ್ತದೆ.

ಬುಷ್‌ಗಳ ವಿಷಯ. ಕಾರನ್ನು ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಚಕ್ರವನ್ನು ಕೆಳಗಿನಿಂದ ಕಾರಿನ ದೇಹಕ್ಕೆ ಸೇರಿಸುವ ಲೋವರ್ ಆರ್ಮ್‌ನ ಹಿಂದಿನ ಬುಷ್‌ನ ಬಳಿ ಉದ್ದನೆಯ ಸಲಾಕೆಯಿಂದ ಮೆಲ್ಲಗೆ ಮೀಟಿ ನೋಡಿಸಿ. ರಬ್ಬರು ಲೋಹದಿಂದ ಕಿತ್ತುಬಂದಿದ್ದರೆ ಅಲ್ಲಿಯೇ ತಿಳಿಯುತ್ತದೆ. ಆಂಟಿ ರೋಲ್ ಬಾರನ್ನು ಚಕ್ರದ ಕಡೆಗೆ ಸೇರಿಸುವ ಲಿಂಕ್ ರಾಡ್, ಆರ್ಮ್ ಚಕ್ರಕ್ಕೆ ಸೇರುವ ಗುಂಡಿನ ಕೀಲಾದ ಬಾಲ್ ಜಾಯಿಂಟ್, ಸ್ಟ್ರಟ್ಟಿನ ಮೇಲ್ತುದಿಯ ಮೌಂಟ್ ಇವನ್ನೂ ಅದೇ ಸಮಯದಲ್ಲಿ ನೋಡಬಹುದು. ಶಾಕ್ ಅಬ್ಸಾರ್ಬರಿನ ಮೇಲೆ ತೆಳುವಾದ ಎಣ್ಣೆಯ ಪಸೆ ಕಂಡರೆ ಗಾಬರಿ ಬೇಡ. ಎಣ್ಣೆ ಹರಿದು ಧೂಳು ಮೆತ್ತಿ ಕೆಸರಾಗಿದ್ದರೆ ಅದರ ಆಯುಷ್ಯ ಮುಗಿದಿದೆ. ಬಾನೆಟ್ಟನ್ನು ಅದುಮಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಹಳೆಯ ಪರೀಕ್ಷೆ ಪೂರ್ತಿ ಕೆಟ್ಟದ್ದನ್ನು ಮಾತ್ರ ತೋರಿಸುತ್ತದೆ, ಅರ್ಧ ಕೆಟ್ಟದ್ದನ್ನು ತೋರಿಸುವುದಿಲ್ಲ.

ಲೆಕ್ಕದ ಪುಸ್ತಕ:

ಮೇಲಿನ ಮಾತಿಗೆ ಸ್ವಲ್ಪ ಗಣಿತ ಸೇರಿಸುತ್ತೇನೆ, ಏಕೆಂದರೆ “ತಗ್ಗಿಸಿದರೆ ವಾಲುವುದಿಲ್ಲ” ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲದಿದ್ದರೂ ಬಹಳ ಉತ್ಪ್ರೇಕ್ಷೆಯದು.

ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ದಾಟುವ ಒಟ್ಟು ಭಾರವನ್ನು ನಿರ್ಧರಿಸುವುದು ಕಾರಿನ ತೂಕ, ತಿರುವಿನ ರಭಸ, ಗುರುತ್ವ ಕೇಂದ್ರದ ಎತ್ತರ ಮತ್ತು ಎಡ ಬಲ ಚಕ್ರಗಳ ನಡುವಿನ ಅಂತರ. ಸ್ಪ್ರಿಂಗಿನ ಗಟ್ಟಿತನಕ್ಕೆ ಈ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಜನರೊಂದಿಗೆ 1,400 ಕಿಲೋ ತೂಗುವ ಕಾರು, 560 ಮಿಲಿಮೀಟರ್ ಎತ್ತರದ ಗುರುತ್ವ ಕೇಂದ್ರ, 1,480 ಮಿಲಿಮೀಟರ್ ಚಕ್ರಾಂತರ ಎಂದು ಇಟ್ಟುಕೊಳ್ಳಿ. ಭೂಗುರುತ್ವದ ಅರ್ಧದಷ್ಟು ಅಡ್ಡ ವೇಗೋತ್ಕರ್ಷ ಬರುವ, ಅಂದರೆ ಪ್ರಯಾಣಿಕರು ಹಿಡಿಕೆ ಹುಡುಕುವಷ್ಟು ರಭಸದ ತಿರುವಿನಲ್ಲಿ ಸುಮಾರು 265 ಕಿಲೋ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಅದೇ ಕಾರನ್ನು 30 ಮಿಲಿಮೀಟರ್ ತಗ್ಗಿಸಿದರೆ ಅದು ಸುಮಾರು 251 ಕಿಲೋ ಆಗುತ್ತದೆ. ಉಳಿತಾಯ 14 ಕಿಲೋ. ಡಿಕ್ಕಿಯಲ್ಲಿ ಮರೆತುಬಿಟ್ಟ ಒಂದು ಚೀಲದ ತೂಕ.

ಇನ್ನೊಂದು ತೊಡಕು ಮ್ಯಾಕ್‌ಫರ್ಸನ್ ಸ್ಟ್ರಟ್ಟಿನ ಹುಟ್ಟುಗುಣ. ಈ ವಿನ್ಯಾಸ 1940ರ ದಶಕದ ಕೊನೆಯಲ್ಲಿ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ್ದು. ಕಡಿಮೆ ಭಾಗಗಳಲ್ಲಿ, ಕಡಿಮೆ ಜಾಗದಲ್ಲಿ ಕೆಲಸ ಮುಗಿಸುವುದರಿಂದ ಇಂದಿನ ಬಹುಪಾಲು ಕುಟುಂಬದ ಕಾರುಗಳ ಮುಂಭಾಗದಲ್ಲಿ ಅದೇ ಇದೆ. ಕಾರನ್ನು ತಗ್ಗಿಸಿದಾಗ ಇದರ ಲೋವರ್ ಆರ್ಮ್‌ನ ಚಕ್ರದ ಕಡೆಯ ತುದಿ ಒಳತುದಿಗಿಂತ ಮೇಲಕ್ಕೆ ಏರತೊಡಗುತ್ತದೆ. ಆಗ ಕಾರಿನ ದೇಹ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ರೋಲ್ ಸೆಂಟರ್, ಗುರುತ್ವ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಕೆಳಕ್ಕೆ ಇಳಿಯುತ್ತದೆ. ಎರಡರ ನಡುವಿನ ಅಂತರವೇ ವಾಲಿಸುವ ಸನ್ನೆಕೋಲು. ಆ ಸನ್ನೆಕೋಲು ಉದ್ದವಾದುದರಿಂದ, ನೀವು ಕೊಂಡ ಗಟ್ಟಿತನದ ಒಂದು ಪಾಲು ನೀವೇ ಮಾಡಿದ ಹಾನಿಯನ್ನು ತುಂಬುವುದಕ್ಕೆ ಖರ್ಚಾಗುತ್ತದೆ.

ಇನ್ನು ಶೇಕಡಾ 40ರ ಮಾತು. ಮುಂದಿನ ಒಂದು ಚಕ್ರ 350 ಕಿಲೋ ಹೊರುತ್ತಿದ್ದು, ಚಕ್ರದ ಬಳಿ ಅಳೆದ ಗಟ್ಟಿತನ ಮಿಲಿಮೀಟರಿಗೆ 20 ನ್ಯೂಟನ್ ಇದ್ದರೆ, ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು 20 ನ್ಯೂಟನ್ ಬಲ ಬೇಕಾದರೆ, ದೇಹ ಸೆಕೆಂಡಿಗೆ ಸುಮಾರು 1.2 ಸಲ ತೂಗುತ್ತದೆ. ಶೇಕಡಾ 40ರಷ್ಟು ಗಟ್ಟಿ ಮಾಡಿದರೆ ಅದು 1.4 ಚಿಲ್ಲರೆಗೆ ಏರುತ್ತದೆ. ಕುಟುಂಬದ ಕಾರುಗಳು ಹೆಚ್ಚಾಗಿ 1ರಿಂದ 1.5ರೊಳಗೆ ಇರುವುದರಿಂದ ಇದು ಹುಚ್ಚುತನವೇನಲ್ಲ. ಆದರೆ ಆ ಹೊಸ ತೂಗಾಟ ಮೊದಲಿನಷ್ಟೇ ಸಲ ತೂಗಿ ನಿಲ್ಲಬೇಕಾದರೆ ಶಾಕ್ ಅಬ್ಸಾರ್ಬರಿನ ತಡೆ ಸುಮಾರು ಶೇಕಡಾ 18ರಷ್ಟು ಹೆಚ್ಚಬೇಕು. ನಿಮ್ಮದು 90,000 ಕಿಲೋಮೀಟರ್ ಓಡಿದ ಮೂಲದ ಶಾಕ್ ಅಬ್ಸಾರ್ಬರು. ಅದು ಹೆಚ್ಚುವ ದಿಕ್ಕಿನಲ್ಲಿ ಇಲ್ಲ.

ತಗ್ಗುನಡಿಗೆ:

ನಾನು ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಹೇಳಬೇಕು. ನನ್ನ ಕಾರನ್ನು 25 ಮಿಲಿಮೀಟರ್ ತಗ್ಗಿಸಿ ನಾಲ್ಕು ವರ್ಷವಾಯಿತು, ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ. ಲೆಕ್ಕದ ಪುಸ್ತಕದವರು ಹೇಳಿದ್ದು ಹಿಡಿತದ ಮಾತು. ಚಾಲಕನಿಗೆ ಹಿಡಿತದಷ್ಟೇ ಮುಖ್ಯವಾದದ್ದು ಕಾರಿನ ಉತ್ತರ. ಸ್ಟೀರಿಂಗ್ ತಿರುಗಿಸಿದೊಡನೆ ದೇಹ ತನ್ನ ವಾಲಿಕೆಯನ್ನು ಮುಗಿಸಿ ನೆಲೆ ನಿಂತರೆ ಎರಡನೇ ತಿದ್ದುಪಡಿ ಬೇಕಾಗುವುದಿಲ್ಲ, ಆ ಆತ್ಮವಿಶ್ವಾಸಕ್ಕೆ ಕಿಲೋಗಳಲ್ಲಿ ಬೆಲೆ ಕಟ್ಟಲಾಗುವುದಿಲ್ಲ. ಆದರೆ ನಾನು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರುಗಳನ್ನು ಒಂದಕ್ಕೊಂದು ಹೊಂದಿಸಿ ಒಂದೇ ತಯಾರಕರು ಕೊಡುವ ಜೋಡಿಯನ್ನು ಹಾಕಿಸಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅದಕ್ಕೂ ಮೊದಲು, ಇನ್ನೊಂದು ಕಾರಿನಲ್ಲಿ, ಒಂದು ಗ್ಯಾರೇಜಿನವರ ಮಾತು ಕೇಳಿ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿದ್ದೆ. ಅದನ್ನು ಯಾರೂ ಮಾಡಬೇಡಿ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಚಕ್ರ ಗಾಳಿಯಲ್ಲಿ ತೂಗಿದಾಗ ಸ್ಪ್ರಿಂಗು ಸಡಿಲಗೊಂಡು ತನ್ನ ಜಾಗದಿಂದ ಜಾರುತ್ತದೆ. ನನ್ನದು ಒಂದು ಸಂಜೆ ಹಾಗೆಯೇ ಜಾರಿತು, ಪುಣ್ಯಕ್ಕೆ ವೇಗ ಕಡಿಮೆಯಿತ್ತು.

ಟಾರ್ಕ್ ರೆಂಚ್:

ಹೊಂದಿಸಿದ ಜೋಡಿಯಾದರೆ ನನಗೂ ತಕರಾರಿಲ್ಲ. ಆದರೆ ನಿಮ್ಮ ಕಾರಿನಲ್ಲಿ ಹೆಚ್ಚಾಗಿ ಇಬ್ಬರು ಕುಳಿತಿರುತ್ತೀರಿ ಎಂದು ಭಾವಿಸುತ್ತೇನೆ. ಎರಡನೇ ಗೇರ್ ಅವರ ಕಾರು ಐದು ಜನ ಮತ್ತು ಸಾಮಾನನ್ನು ಹೊತ್ತಾಗ ಹಿಂಭಾಗ ತಾನಾಗಿಯೇ ಕೆಲವು ಸೆಂಟಿಮೀಟರ್ ಇಳಿಯುತ್ತದೆ. ಅದರ ಮೇಲೆ 30 ಮಿಲಿಮೀಟರ್ ಕಳೆದರೆ, ಉಳಿಯುವ ಚಲನೆ ಎಷ್ಟು? ಸ್ಪ್ರಿಂಗಿನ ಚಲನೆ ಮುಗಿಯುವಲ್ಲಿ ಬಂಪ್ ಸ್ಟಾಪ್ ಎಂಬ ಮೆತ್ತನೆಯ ಪಾಲಿಯುರೆಥೇನ್ ತುಂಡು ಇರುತ್ತದೆ. ಅದನ್ನು ಬರಿಯ ತಡೆಗಟ್ಟೆ ಎಂದುಕೊಳ್ಳುವವರಿದ್ದಾರೆ. ವಾಸ್ತವವಾಗಿ ಅದು ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುವ ಇನ್ನೊಂದು ಸ್ಪ್ರಿಂಗ್. ತಿರುವಿನ ನಡುವೆ ಹಿಂದಿನ ಹೊರಚಕ್ರ ಅದರ ಮೇಲೆ ಕುಳಿತುಬಿಟ್ಟರೆ ಆ ಮೂಲೆಯ ಗಟ್ಟಿತನ ಹಠಾತ್ತನೆ ಏರಿ, ಹಿಂಭಾಗದ ಹಿಡಿತ ಕುಸಿಯುತ್ತದೆ. ಖಾಲಿ ಕಾರಿನಲ್ಲಿ ಸೊಗಸಾಗಿ ತಿರುಗಿದ ಕಾರು ಹಬ್ಬದ ಪ್ರಯಾಣದ ದಿನ ಬೇರೆಯೇ ಕಾರಾಗಿರುತ್ತದೆ.

ಹಿಂದಿನ ಸೀಟು:

ಇಲ್ಲಿ ಬರೆದವರೆಲ್ಲರೂ ಸ್ಟೀರಿಂಗ್ ಹಿಡಿದವರು. ನಾನು ಹೆಚ್ಚಾಗಿ ಹಿಂದೆ ಕೂರುವವಳು, ಆದ್ದರಿಂದ ಅಲ್ಲಿಂದ ಕಂಡದ್ದನ್ನು ಬರೆಯುತ್ತೇನೆ. ನನ್ನ ಪತಿ ಮೊದಲ ಸಲ ಸಸ್ಪೆನ್ಷನ್ ಗಟ್ಟಿ ಮಾಡಿಸಿದಾಗ, ರಸ್ತೆಯ ಪ್ರತಿಯೊಂದು ಜೋಡಣೆಯೂ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಅವರಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ: ಕುಳಿತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಸಲದ ಮೇಲು ಕೆಳಗಿನ ಕಂಪನವನ್ನು ಅತಿ ಹೆಚ್ಚು ಅನುಭವಿಸುತ್ತದೆ, ಹೊಟ್ಟೆ ತೊಳಸುವುದು ಅದಕ್ಕಿಂತ ಬಹಳ ನಿಧಾನವಾದ, ಸೆಕೆಂಡಿಗೆ ಅರ್ಧ ಸಲಕ್ಕಿಂತಲೂ ಕಡಿಮೆಯ ತೂಗಾಟದಿಂದ. ಅಂದರೆ ಮಕ್ಕಳಿಗೆ ವಾಂತಿಯಾಗುವುದಕ್ಕೂ ಬೆನ್ನು ನೋಯುವುದಕ್ಕೂ ಕಾರಣಗಳು ಬೇರೆ. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಮನೆಗೆ ಕರೆತರಬಾರದು.

ಹಿಂದಿನ ಆಂಟಿ ರೋಲ್ ಬಾರಿನ ಬಗ್ಗೆ ಯಾರೂ ಉತ್ತರಿಸಿಲ್ಲ. ಅದರ ಒಂದು ಪರಿಣಾಮ ನನಗೆ ಗೊತ್ತು. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಬಾರು ಇನ್ನೊಂದು ಬದಿಯನ್ನೂ ಎಳೆಯುವುದರಿಂದ, ಹಿಂದೆ ಕುಳಿತವರ ತಲೆ ಎಡಕ್ಕೂ ಬಲಕ್ಕೂ ಒಗೆದಂತಾಗುತ್ತದೆ.

ಲೆಕ್ಕದ ಪುಸ್ತಕ:

ಹಿಂದಿನ ಸೀಟಿನವರ ಮಾತು ನಿಜ. ಬಾರಿನ ಇನ್ನೊಂದು ಮುಖವನ್ನು ನಾನು ಹೇಳುತ್ತೇನೆ. ಒಟ್ಟು ಭಾರ ವರ್ಗಾವಣೆ ಬದಲಾಗುವುದಿಲ್ಲ ಎಂದೆನಲ್ಲ, ಅದನ್ನು ಮುಂದಿನ ಜೋಡಿ ಚಕ್ರಗಳು ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬ ಪಾಲುಪಟ್ಟಿಯನ್ನು ಬಾರು ಬದಲಿಸುತ್ತದೆ. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ. ಆದ್ದರಿಂದ ಯಾವ ಜೋಡಿ ಹೆಚ್ಚು ವರ್ಗಾವಣೆಯನ್ನು ಹೊರುತ್ತದೆಯೋ ಆ ಜೋಡಿಯ ಒಟ್ಟು ಹಿಡಿತ ಕಡಿಮೆಯಾಗುತ್ತದೆ. ಹಿಂದೆ ಬಾರು ಹಾಕಿದಾಗ ಕಾರಿನ ಮೂತಿ ಚುರುಕಾಗಿ ತಿರುಗಿದಂತೆ ಭಾಸವಾಗುವುದು, ಮುಂದಿನ ಹಿಡಿತ ಸ್ವಲ್ಪ ಹೆಚ್ಚಿ ಹಿಂದಿನದು ಕಡಿಮೆಯಾದುದರಿಂದ.

ಕುಟುಂಬದ ಕಾರನ್ನು ತಯಾರಕರು ಬೇಕೆಂದೇ ಮೂತಿ ಅಗಲಕ್ಕೆ ಜಾರುವಂತೆ ಮಾಡಿರುತ್ತಾರೆ. ತಿರುವಿನಲ್ಲಿ ಹೆದರಿದ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಆಗ ಭಾರ ಮುಂದಕ್ಕೆ ಬಂದು ಮೂತಿ ತಾನಾಗಿಯೇ ಒಳಕ್ಕೆ ಬರುತ್ತದೆ. ಹಿಂಭಾಗವನ್ನು ಗಟ್ಟಿ ಮಾಡಿದ ಕಾರಿನಲ್ಲಿ, ಅದೂ ಒದ್ದೆ ರಸ್ತೆಯಲ್ಲಿ, ಅದೇ ಸಹಜ ಕ್ರಿಯೆ ಹಿಂಭಾಗವನ್ನು ಜಾರಿಸಬಹುದು. ಬಾರಿನ ವಿಷಯದಲ್ಲಿ “ಸ್ವಲ್ಪ ದಪ್ಪ” ಎಂಬ ಮಾತೂ ಮೋಸದ್ದು, ಏಕೆಂದರೆ ಘನ ಬಾರಿನ ಗಟ್ಟಿತನ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ: 20 ಮಿಲಿಮೀಟರಿನಿಂದ 22ಕ್ಕೆ ಹೋದರೆ ಹೆಚ್ಚಳ ಶೇಕಡಾ 46.

ಎರಡನೇ ಗೇರ್:

ಎಲ್ಲರಿಗೂ ಧನ್ಯವಾದಗಳು. ಕಾರನ್ನು ಎತ್ತಿಸಿ ನೋಡಿಸಿದೆ, ಸಿಕ್ಕಿದ್ದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತಿದೆ. ಬಲಗಡೆಯ ಮುಂದಿನ ಸ್ಟ್ರಟ್ ಕೆಳಗಿನವರೆಗೂ ಎಣ್ಣೆಯಾಗಿದೆ. ಎರಡೂ ಲೋವರ್ ಆರ್ಮ್‌ಗಳ ಹಿಂದಿನ ಬುಷ್ ಬಿರುಕು ಬಿಟ್ಟಿದೆ, ಎಡಗಡೆಯದು ಅರ್ಧ ಕಿತ್ತುಬಂದಿದೆ. ಒಂದು ಲಿಂಕ್ ರಾಡಿನ ಗುಂಡು ಕೈಯಲ್ಲಿಯೇ ಅಲುಗಾಡಿತು. ಅಂದರೆ ಇಷ್ಟು ದಿನ ಇದ್ದ ಆಂಟಿ ರೋಲ್ ಬಾರೇ ಪೂರ್ತಿ ಕೆಲಸ ಮಾಡುತ್ತಿರಲಿಲ್ಲ, ನಾನು ಇನ್ನೊಂದನ್ನು ಕೊಳ್ಳಲು ಹೊರಟಿದ್ದೆ. ಹಿಂದಿನ ಟೈರುಗಳ ಒತ್ತಡ ಚೀಟಿಯಲ್ಲಿದ್ದದ್ದಕ್ಕಿಂತ 6 ಪಿಎಸ್‌ಐ ಕಡಿಮೆ ಇತ್ತು. ಗಾಳಿ ತುಂಬಿಸಿದ್ದರಿಂದಲೇ ಪಥ ಬದಲಿಸುವಾಗಿನ ಹಿಂಜರಿಕೆ ಅರ್ಧದಷ್ಟು ಹೋಯಿತು.

ಈಗಿನ ಯೋಚನೆ: ಸ್ಪ್ರಿಂಗ್ ಮೂಲದ್ದೇ ಇರಲಿ, ನಾಲ್ಕೂ ಶಾಕ್ ಅಬ್ಸಾರ್ಬರುಗಳನ್ನು ಬದಲಿಸುವುದು. ಬುಷ್ ಹೇಗೂ ಹೊಸದು ಬೇಕಾಗಿರುವುದರಿಂದ ರಬ್ಬರಿನ ಬದಲು ಪಾಲಿಯುರೆಥೇನ್ ಹಾಕಿಸಲೇ?

ಟಾರ್ಕ್ ರೆಂಚ್:

ನಿಮ್ಮ ಬಳಕೆಗೆ ರಬ್ಬರೇ ಸರಿ. ಲೋವರ್ ಆರ್ಮ್‌ನ ಹಿಂದಿನ ಬುಷ್‌ನಲ್ಲಿ ಬೇಕೆಂದೇ ಟೊಳ್ಳುಗಳನ್ನು ಬಿಟ್ಟಿರುತ್ತಾರೆ. ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಒಂದಿಷ್ಟು ಹಿಂದಕ್ಕೆ ಸರಿದು ಪೆಟ್ಟನ್ನು ನುಂಗಲಿ ಎಂಬುದು ಅದರ ಉದ್ದೇಶ. ಪಾಲಿ ಬುಷ್ ಆ ಸರಿದಾಟವನ್ನು ಕಡಿಮೆ ಮಾಡುವುದರಿಂದ ಸ್ಟೀರಿಂಗ್ ಖಚಿತವಾಗುತ್ತದೆ, ಪೆಟ್ಟು ನೇರವಾಗಿ ದೇಹಕ್ಕೆ ಬರುತ್ತದೆ. ರಬ್ಬರು ಲೋಹಕ್ಕೆ ಅಂಟಿಕೊಂಡು ತಾನೇ ತಿರುಚಿಕೊಳ್ಳುತ್ತದೆ. ಪಾಲಿ ಒಳಗಿನ ಕೊಳವೆಯ ಮೇಲೆ ಉಜ್ಜಿಕೊಂಡು ತಿರುಗುತ್ತದೆ, ಆದ್ದರಿಂದ ಗ್ರೀಸ್ ಒಣಗಿದರೆ ಕೀರಲು ಸದ್ದು ಶುರುವಾಗುತ್ತದೆ. ಹಿಂದಿನ ಟಾರ್ಷನ್ ಬೀಮಿನ ಬುಷ್‌ಗೆ ಅಂತೂ ಪಾಲಿಯ ಯೋಚನೆ ಬೇಡ, ಆ ಬೀಮು ಓರೆಯಾಗಿ ಆಡುವುದನ್ನೆಲ್ಲ ಆ ರಬ್ಬರೇ ತಾಳಿಕೊಳ್ಳಬೇಕು.

ಶಾಕ್ ಅಬ್ಸಾರ್ಬರುಗಳಲ್ಲಿ ಮೂಲದ್ದಕ್ಕಿಂತ ತುಸು ಬಿಗಿಯಾದ, ಆದರೆ ಮೂಲದ ಸ್ಪ್ರಿಂಗಿಗೆಂದೇ ಮಾಡಿದ ಅನಿಲ ತುಂಬಿದ ಮಾದರಿ ಸಿಕ್ಕರೆ ತೆಗೆದುಕೊಳ್ಳಿ. ಎಣ್ಣೆಯ ಮೇಲೆ ಒತ್ತಡದ ಅನಿಲ ಇದ್ದಾಗ, ಒಂದೇ ಸಮನೆ ಉಬ್ಬುತಗ್ಗುಗಳ ಮೇಲೆ ಓಡಿದರೂ ಎಣ್ಣೆ ಸುಲಭವಾಗಿ ನೊರೆಯಾಗುವುದಿಲ್ಲ. ವಾಲುವ ಕೊನೆಯ ಕೋನವನ್ನು ಶಾಕ್ ಅಬ್ಸಾರ್ಬರು ಕಡಿಮೆ ಮಾಡುವುದಿಲ್ಲ, ಆದರೆ ಅಲ್ಲಿಗೆ ತಲುಪುವ ವೇಗವನ್ನು ಹದದಲ್ಲಿಡುತ್ತದೆ. ತಗ್ಗುನಡಿಗೆಯವರು ಹೇಳಿದ “ಕಾರಿನ ಉತ್ತರ” ಬಹುಮಟ್ಟಿಗೆ ಅದೇ.

ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಲ್ಲಿ. ಸ್ಟ್ರಟ್ಟಿನ ಸ್ಪ್ರಿಂಗು ಬಿಚ್ಚುವ ಮೊದಲೇ ಅದುಮಿದ ಸ್ಥಿತಿಯಲ್ಲಿರುತ್ತದೆ, ಅದನ್ನು ಅದುಮಿ ಹಿಡಿಯುವ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟನ್ನು ಸಡಿಲಿಸಿದರೆ ಜೀವಕ್ಕೇ ಅಪಾಯ. ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ಮೇಲಿನ ಮೌಂಟ್ ಮತ್ತು ಅದರ ಬೇರಿಂಗನ್ನೂ, ಬಂಪ್ ಸ್ಟಾಪನ್ನೂ ಆಗಲೇ ಬದಲಿಸಿ, ಏಕೆಂದರೆ ಆಮೇಲೆ ಅದಕ್ಕೆಂದೇ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ, ಇದನ್ನು ತಪ್ಪಿಸುವ ಗ್ಯಾರೇಜುಗಳನ್ನು ನಾನು ಬಹಳ ಕಂಡಿದ್ದೇನೆ. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿಗೊಳಿಸಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದಾಗ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲಿಯೇ ಉಳಿದು ಬೇಗ ಹರಿಯುತ್ತದೆ, ಕಾರು ತುಸು ಎತ್ತರವಾಗಿಯೂ ನಿಲ್ಲುತ್ತದೆ. ಆರ್ಮ್‌ನ ಕೆಳಗೆ ಜಾಕ್ ಕೊಟ್ಟು ಚಕ್ರವನ್ನು ಅದರ ಸಹಜ ಎತ್ತರಕ್ಕೆ ತಂದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು, ಅದೂ ಕೈಪಿಡಿಯಲ್ಲಿರುವ ಟಾರ್ಕಿಗೆ, ಅಂದರೆ ತಿರುಚುಬಲದ ಅಳತೆಗೆ.

ತಗ್ಗುನಡಿಗೆ:

ಸ್ಟ್ರಟ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಸ್ಟ್ರಟ್ಟನ್ನು ಚಕ್ರ ಹೊತ್ತಿರುವ ನಕಲ್ ಎಂಬ ಲೋಹದ ಭಾಗಕ್ಕೆ ಸೇರಿಸುವ ಎರಡು ಬೋಲ್ಟುಗಳ ರಂಧ್ರದಲ್ಲಿ ಕೂದಲೆಳೆಯಷ್ಟು ಆಟವಿದ್ದರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬದಲಾಗುತ್ತದೆ, ಕ್ಯಾಂಬರ್ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ, ಹೊಸ ಟೈರು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಒಂದು ಅಂಚಿನಿಂದ ಸವೆಯುತ್ತದೆ. ಮತ್ತು, ಯಾರಾದರೂ ನನ್ನ ಹಾದಿಯನ್ನೇ ಹಿಡಿದು ಎತ್ತರ ಬದಲಿಸುವುದಾದರೆ, ಹೆಡ್‌ಲೈಟಿನ ಕೋನವನ್ನೂ, ಗಾಜಿನ ಹಿಂದೆ ಪಥ ನೋಡುವ ಕ್ಯಾಮೆರಾ ಇದ್ದರೆ ಅದನ್ನೂ ಮತ್ತೆ ಹೊಂದಿಸಬೇಕು. ವಿಮೆಯವರಿಗೆ ಬದಲಾವಣೆಯನ್ನು ಮೊದಲೇ ತಿಳಿಸಿ.

ಎರಡನೇ ಗೇರ್:

ಕೆಲಸ ಮುಗಿದು ಮೂರು ವಾರವಾಯಿತು. ನಾಲ್ಕು ಶಾಕ್ ಅಬ್ಸಾರ್ಬರು, ಎರಡು ಮೌಂಟ್, ಲೋವರ್ ಆರ್ಮ್ ಬುಷ್‌ಗಳು, ಎರಡೂ ಲಿಂಕ್ ರಾಡ್, ಆಮೇಲೆ ಅಲೈನ್‌ಮೆಂಟ್. ಬುಷ್ ಬೋಲ್ಟುಗಳನ್ನು ಚಕ್ರ ಎತ್ತಿ ಬಿಗಿಗೊಳಿಸಿ ಎಂದಾಗ ಮೆಕ್ಯಾನಿಕ್ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, ಮರುಮಾತಿಲ್ಲದೆ ಜಾಕ್ ತಂದರು.

ಕಾರು ಈಗಲೂ ವಾಲುತ್ತದೆ. ಆದರೆ ಒಂದೇ ಸಲ ವಾಲಿ ಅಲ್ಲಿಯೇ ನಿಲ್ಲುತ್ತದೆ, ಉಬ್ಬು ದಾಟಿದ ಮೇಲೆ ಎರಡನೇ ತೂಗಾಟವಿಲ್ಲ. ಸಣ್ಣ ಗುಂಡಿಗಳು ಮೊದಲಿಗಿಂತ ಸ್ವಲ್ಪ ಹೆಚ್ಚು ತಿಳಿಯುತ್ತವೆ ಎಂಬುದು ನನ್ನ ಅನಿಸಿಕೆ, ಅಮ್ಮ ಅದನ್ನು ಒಪ್ಪುವುದಿಲ್ಲ. ಹಿಂದಿನ ಬಾರಿನ ಆಲೋಚನೆಯನ್ನು ಬಿಟ್ಟಿದ್ದೇನೆ. ಒಂದು ಪ್ರಶ್ನೆ ಉಳಿದಿದೆ: ಎಡತಿರುವಿನಲ್ಲಿ, ನಿಧಾನವಾಗಿ ಹೋಗುವಾಗ, ಮುಂದಿನಿಂದ ಒಂದು ಸಣ್ಣ ‘ಟಕ್’ ಸದ್ದು ಬರುತ್ತಿದೆ. ಹೊಸ ಭಾಗಗಳು ಕೂರುವಾಗ ಹೀಗಾಗುವುದುಂಟೇ?

ಟಾರ್ಕ್ ರೆಂಚ್:

ಕೂರುವ ಸದ್ದು ಎಂದು ಬಿಡಬೇಡಿ. ಸ್ಟ್ರಟ್ಟಿನ ಮೇಲಿನ ನಟ್ ಅಥವಾ ಲಿಂಕ್ ರಾಡಿನ ನಟ್ ಪೂರ್ತಿ ಬಿಗಿಯಾಗಿರದಿದ್ದರೆ ಹೀಗೆಯೇ ಸದ್ದು ಬರುತ್ತದೆ. ಕಾರು ನಿಂತಿರುವಾಗ ಒಬ್ಬರು ಸ್ಟೀರಿಂಗನ್ನು ಎರಡೂ ಕಡೆಗೆ ತಿರುಗಿಸಲಿ, ಇನ್ನೊಬ್ಬರು ಬಾನೆಟ್ ತೆರೆದು ಮೌಂಟಿನ ಮೇಲೆ ಬೆರಳಿಟ್ಟು ನೋಡಲಿ. ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕುಳಿತಿಲ್ಲದಿದ್ದರೆ ಬೆರಳಿಗೆ ಒಂದು ಜಿಗಿತ ತಿಳಿಯುತ್ತದೆ. ನೋಡುವವರೆಗೆ ಹೆದ್ದಾರಿಗೆ ಹೋಗಬೇಡಿ.

ಎರಡನೇ ಗೇರ್:

ಲಿಂಕ್ ರಾಡಿನ ನಟ್ಟೇ. ಸುಮಾರು ಅರ್ಧ ಸುತ್ತು ಸಡಿಲವಿತ್ತು, ಟಾರ್ಕಿಗೆ ಬಿಗಿಗೊಳಿಸಿದ ಮೇಲೆ ಸದ್ದು ನಿಂತಿದೆ.